ಗಂಟಲು ಮತ್ತು ಕ್ಯಾಮೆರಾ

ದಲಿತ ಕಾವ್ಯದ ಮೇಲೆ ಕನ್ನಡ ವಿಮರ್ಶೆ ಹೊರಿಸಿದ ಮೊದಲ ಆಪಾದನೆ, ಅದು ಕಿರುಚುತ್ತದೆ ಎಂಬುದಾಗಿತ್ತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ, ಆಮೇಲೆ ಬಂಡಾಯದ ಕವಿಗಳು ಬೀದಿಗೆ ಇಳಿದಾಗ, ಇದು ಘೋಷಣೆ, ಕಾವ್ಯವಲ್ಲ ಎಂದ ಪಂಡಿತರು ಕಮ್ಮಿಯೇನಿರಲಿಲ್ಲ. ಇದಕ್ಕೆ ನಮ್ಮವರು ಕೊಟ್ಟ ಉತ್ತರಗಳಲ್ಲಿ ಎರಡು ಬಗೆ. ಹೌದು, ಕಿರುಚುತ್ತೇವೆ, ಏನೀಗ ಎಂಬುದು ಒಂದು. ಇಲ್ಲ ಸ್ವಾಮಿ, ನಮ್ಮಲ್ಲೂ ಧ್ವನಿ ಇದೆ, ಪ್ರತಿಮೆ ಇದೆ, ನೋಡಿ ಎಂದು ಅವರದೇ ತಕ್ಕಡಿಯಲ್ಲಿ ಹೋಗಿ ಕೂರುವುದು ಇನ್ನೊಂದು. ಕಿರುಚುವುದು ಅಂದರೇನು, ಅದರ ಒಳಗೆ ಏನೇನು ನಡೀತದೆ ಎಂದು ಕೂತು ಕೇಳಿಸಿಕೊಂಡವರು ಮಾತ್ರ ಎರಡೂ ಕಡೆ ವಿರಳ.

ಈ ಪ್ರಶ್ನೆಯನ್ನು ನಾನು ಕನ್ನಡದ ಹೊರಗಿನ ಒಂದು ಗಂಟಲಿನ ಮೂಲಕ ಕೇಳಬೇಕೆಂದಿದ್ದೇನೆ. ಪಾಲಿ ಸ್ಟೈರೀನ್ ಲಂಡನ್ನಿನ ಪಂಕ್ ಗಾಯಕಿ. 1957ರ ಜುಲೈ 3ರಂದು ಹುಟ್ಟಿ ಬ್ರಿಕ್ಸ್‌ಟನ್‌ನಲ್ಲಿ ಬೆಳೆದವಳು. ಹುಟ್ಟು ಹೆಸರು ಮೇರಿಯಾನ್ ಎಲಿಯಟ್-ಸಯೀದ್. ತಂದೆ ಸೋಮಾಲಿ, ತಾಯಿ ಸ್ಕಾಟಿಷ್-ಐರಿಷ್ ಮೂಲದ ಬಿಳಿ ಹೆಂಗಸು. ವಕೀಲರ ಕಚೇರಿಯಲ್ಲಿ ದುಡಿದು ಮಕ್ಕಳನ್ನು ಸಾಕಿದವಳು ಆ ತಾಯಿ. ಪಾಲಿ 2011ರ ಏಪ್ರಿಲ್ 25ರಂದು, 53ನೇ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡಳು. ಹತ್ತು ವರ್ಷದ ಮೇಲೆ, 2021ರಲ್ಲಿ, ಆಕೆಯ ಮಗಳು ಸೆಲೆಸ್ಟ್ ಬೆಲ್ ಮತ್ತು ಪಾಲ್ ಸಂಗ್ ಸೇರಿ ನಿರ್ದೇಶಿಸಿದ ‘ಪಾಲಿ ಸ್ಟೈರೀನ್: ಐ ಆಮ್ ಎ ಕ್ಲೀಶೆ’ ಎಂಬ ಸಾಕ್ಷ್ಯಚಿತ್ರ ಬಂತು. ಮಗಳೂ ಹಾಡುಗಾತಿಯೇ. ತಾಯಿಯ ಬಗ್ಗೆ ಸಭೆಗಳಲ್ಲಿ ಮಾತಾಡಿದ್ದಾಳೆ. 2019ರಲ್ಲಿ ಜೋಯಿ ಹೋ ಜೊತೆ ‘ಡೇ ಗ್ಲೋ’ ಎಂಬ ಪುಸ್ತಕವನ್ನೂ ತಂದಿದ್ದಳು. ತಾಯಿಯ ಗಂಟಲು, ಮಗಳ ಕ್ಯಾಮೆರಾ. ಈ ಎರಡರ ನಡುವೆ ದಲಿತ ವಿಮರ್ಶೆಗೆ ಕೆಲಸವಿದೆ ಎಂದು ನನಗನ್ನಿಸುತ್ತದೆ.

ಪಂಕ್ ಎಂದರೆ 1976-77ರ ಸುಮಾರಿಗೆ ಇಂಗ್ಲೆಂಡಿನಲ್ಲಿ, ಕೆಲಸ ಸಿಗದ, ಸಿಗುತ್ತದೆಂಬ ನಂಬಿಕೆಯೂ ಇಲ್ಲದ ಹುಡುಗರ ನಡುವೆ ಎದ್ದ ಸಂಗೀತ. ಮೂರು ಪಟ್ಟು ಗಿಟಾರು ಬಾರಿಸಲು ಬಂದರೆ ಸಾಕು, ವೇದಿಕೆ ಹತ್ತು ಎಂಬುದೇ ಅದರ ಸಿದ್ಧಾಂತ. ಕಲಿತವರಿಗಷ್ಟೇ ಸಂಗೀತ ಎಂಬ ಕಟ್ಟಳೆಯನ್ನು ಮುರಿದದ್ದು ಅದರ ದೊಡ್ಡ ಕೆಲಸ. ಆದರೆ ಚರಿತ್ರೆ ಬರೆಯುವ ಹೊತ್ತಿಗೆ ಅದು ಸೆಕ್ಸ್ ಪಿಸ್ತೂಲ್ಸ್, ಕ್ಲ್ಯಾಶ್ ಎಂದು ಬಿಳಿ ಗಂಡುಹುಡುಗರ ಚರಿತ್ರೆಯಾಗಿಬಿಟ್ಟಿತು. ಕಟ್ಟಳೆ ಮುರಿದವರ ಮನೆಯಲ್ಲೂ ಪಡಸಾಲೆ ಒಂದು, ಹಿತ್ತಿಲು ಒಂದು ಇದ್ದೇ ಇರುತ್ತದಲ್ಲ.

ಮೇರಿ ಎಲಿಯಟ್ ಎಂಬ ಹೆಸರಲ್ಲಿ ಆಕೆ 1976ರಲ್ಲೇ ಒಂದು ರೆಗ್ಗೇ ಹಾಡು ಹಾಡಿದ್ದಳು. ಅದೇ ವರ್ಷ ತನ್ನ ಹತ್ತೊಂಬತ್ತನೇ ಹುಟ್ಟುಹಬ್ಬದ ದಿನ ಹೇಸ್ಟಿಂಗ್ಸ್‌ನ ಕಡಲ ಕಟ್ಟೆಯ ಮೇಲೆ ಸೆಕ್ಸ್ ಪಿಸ್ತೂಲ್ಸ್ ಕಾರ್ಯಕ್ರಮ ನೋಡಿ ಬಂದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಂಡ ಕಟ್ಟಿದಳು. ಎಕ್ಸ್-ರೇ ಸ್ಪೆಕ್ಸ್ ಎಂದು ಅದಕ್ಕೆ ಹೆಸರು. ಬರೀ ಗಿಟಾರುಗಳ ಲೋಕದಲ್ಲಿ ಈ ತಂಡಕ್ಕೆ ಸ್ಯಾಕ್ಸೊಫೋನ್ ಇತ್ತು. ಮೊದಲಿಗೆ ಅದನ್ನು ಊದಿದ ಲೋರಾ ಲಾಜಿಕ್ ಎಂಬ ಹುಡುಗಿ ಇನ್ನೂ ಸ್ಕೂಲಿನ ವಯಸ್ಸಿನವಳು. ಕಿಂಗ್ಸ್ ರಸ್ತೆಯ ಬೋಫೋರ್ಟ್ ಮಾರ್ಕೆಟ್ಟಿನಲ್ಲಿ ಪಾಲಿಯದೊಂದು ಪುಟ್ಟ ಮಳಿಗೆ. ಅಲ್ಲಿ ಪ್ಲಾಸ್ಟಿಕ್ ಸರ, ಗಾಢ ಬಣ್ಣದ ಬಟ್ಟೆಗಳನ್ನು ಮಾರುತ್ತಿದ್ದಳು. ಅಂದರೆ ಆಕೆ ಮಾರುಕಟ್ಟೆಯನ್ನು ಹೊರಗೆ ನಿಂತು ಬಯ್ದವಳಲ್ಲ, ಒಳಗೆ ಕೂತು ವ್ಯಾಪಾರ ಮಾಡುತ್ತಲೇ ನಕ್ಕವಳು. ಹೆಸರನ್ನು ಹುಡುಕಿದ್ದೂ ವ್ಯಾಪಾರಿಗಳ ವಿಳಾಸವಿರುವ ಟೆಲಿಫೋನ್ ಪುಸ್ತಕದಲ್ಲಿ. ಪಾಲಿಸ್ಟೈರೀನ್ ಎಂದರೆ ಬಿಸಾಡುವ ಲೋಟ ಮಾಡುವ ಪ್ಲಾಸ್ಟಿಕ್ಕು. ಹುಟ್ಟಿನಿಂದ ಬಂದ ಹೆಸರನ್ನು ಬಿಟ್ಟು ದೊಡ್ಡ ಹೆಸರು ಇಟ್ಟುಕೊಳ್ಳುವುದನ್ನು ನಾವು ಬಲ್ಲೆವು. ಈಕೆ ಬೇಕೆಂದೇ ಬಿಸಾಡುವ ವಸ್ತುವಿನ ಹೆಸರಿಟ್ಟುಕೊಂಡಳು.

ಈಗ ಕಿರುಚುವ ವಿಚಾರ. 1977ರ ಸೆಪ್ಟೆಂಬರಿನಲ್ಲಿ ಬಂದ ‘ಓ ಬಾಂಡೇಜ್ ಅಪ್ ಯುವರ್ಸ್!’ ಆಕೆಯ ಮೊದಲ ಪಂಕ್ ಹಾಡು. ಬಾಂಡೇಜ್ ಎಂದರೆ ಬಂಧನ, ದಾಸ್ಯ. ಆ ದಿನಗಳಲ್ಲಿ ಅದೇ ಕಿಂಗ್ಸ್ ರಸ್ತೆಯಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್ಲಾರೆನ್ ಅವರ ಅಂಗಡಿಯಲ್ಲಿ ಬಾಂಡೇಜ್ ಪ್ಯಾಂಟು ಮಾರಾಟಕ್ಕಿತ್ತು. ಎರಡು ಕಾಲಿಗೂ ಸೇರಿಸಿ ಪಟ್ಟಿ, ಬಕಲ್ಲು, ಕೊಕ್ಕೆ. ಪಂಕ್ ಹುಡುಗರಿಗೆ ಅದು ಭಾರೀ ಪ್ಯಾಶನ್ನು. ಕೆಲವರು ಜನರನ್ನು ರೇಗಿಸಲು ನಾಜಿಗಳ ಸ್ವಸ್ತಿಕವನ್ನೂ ತೋಳಿಗೆ ಕಟ್ಟಿ ಮೆರೆದರು. ಬಂಧನ ಯಾರಿಗೆ ಆಟ, ಯಾರಿಗೆ ನೆನಪು? ಕಪ್ಪು ತಂದೆಯ ಮಗಳೊಬ್ಬಳು ಕೊರಳಿಗೂ ಗೋಡೆಗೂ ಕಟ್ಟಿದ ಸರಪಳಿಯ ಮಾತೆತ್ತಿದರೆ ಅದು ಅಂಗಡಿಯ ಬಕಲ್ಲಾಗಿ ಉಳಿಯುವುದಿಲ್ಲ. ಈ ಹಾಡನ್ನು ಲೈಂಗಿಕ ಚೇಷ್ಟೆಯೆಂದು ಕೇಳಿದವರೇ ಹೆಚ್ಚು. ಅದರೊಳಗೆ ಗುಲಾಮಗಿರಿಯ ಚರಿತ್ರೆ ಇದೆ, ಹೆಣ್ಣಿನ ಬಾಯಿಗೆ ಹಾಕಿದ ಬೀಗ ಇದೆ, ಕೊಳ್ಳುಬಾಕತನದ ನೊಗವೂ ಇದೆ. ಮೂರನ್ನೂ ಒಂದೇ ಉಸಿರಿನಲ್ಲಿ ಎಳೆದು ತರುವುದರಿಂದಲೇ ಅದು ಕಿರುಚು.

ಗಮನಿಸಬೇಕಾದ್ದು ಆ ಹಾಡಿನ ಮೊದಲು. ಆಕೆ ಕಿರುಚುತ್ತಾ ಶುರು ಮಾಡುವುದಿಲ್ಲ. ಸಭ್ಯರ ಮನೆಯ ಹುಡುಗಿಯ ಹಾಗೆ ಮೆಲ್ಲಗೆ, ಹಾಡದೆ, ಬರೀ ಮಾತಾಡುತ್ತಾಳೆ. ಮಕ್ಕಳನ್ನು ಸುಮ್ಮನಿರಿಸುವ ಹಳೇ ಇಂಗ್ಲಿಷ್ ಗಾದೆಯೊಂದನ್ನು ಹೆಣ್ಣುಮಕ್ಕಳಿಗೆ ತಗಲಿಸಿ ನೆನೆಯುತ್ತಾಳೆ. ಮರುಕ್ಷಣ ಗಂಟಲು ಕಿತ್ತು ಬರುವ ದನಿ. ಅಂದರೆ ಆಕೆಗೆ ಮೆಲುದನಿ ಬರುತ್ತದೆ. ಬಾರದೆ ಕಿರುಚಿದವಳಲ್ಲ. ಮೆಲುದನಿಯನ್ನು ಎತ್ತಿ ತೋರಿಸಿ, ಇದು ನೀವು ಕಲಿಸಿದ್ದು ಎಂದು ಕೆಳಗಿಟ್ಟು, ಆಮೇಲೆ ಕಿರುಚುತ್ತಾಳೆ. ನಮ್ಮ ಪಂಡಿತರು ದಲಿತ ಕವಿಗೆ ಸಂಯಮ ಬೇಕು ಎಂದಾಗ, ಸಂಯಮ ಗೊತ್ತಿಲ್ಲದವನು ಇವನು ಎಂಬುದೇ ಅವರ ಗ್ರಹಿಕೆ. ಗೊತ್ತಿದ್ದೂ ಒಲ್ಲೆನೆಂದಿರಬಹುದು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ನನ್ನ ಪದವಿ ತರಗತಿಯಲ್ಲಿ ಒಮ್ಮೆ ಈ ಹಾಡನ್ನು ಕೇಳಿಸಿದೆ. ಪದ ಅರ್ಥವಾಗದಿದ್ದರೂ ಪರವಾಗಿಲ್ಲ, ದನಿ ಕೇಳಿ ಅಂದೆ. ಹುಡುಗರು ನಕ್ಕರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, ‘ಇದೇನ್ ಮೇಡಂ, ನಮ್ಮವ್ವ ನಲ್ಲಿ ಹತ್ರ ಜಗಳಕ್ಕೆ ನಿಂತಂಗದೆ’ ಅಂದಳು. ಇಡೀ ತರಗತಿ ಇನ್ನೊಮ್ಮೆ ನಕ್ಕಿತು. ಆ ಹುಡುಗಿ ನಗಲಿಲ್ಲ. ಕೇರಿಯ ಹೆಂಗಸರ ಗಟ್ಟಿ ದನಿಯನ್ನು ಊರು ಬಾಯಿಬಡುಕತನ ಅನ್ನುತ್ತದೆ. ಆದರೆ ನೀರಿನ ಸಾಲಿನಲ್ಲಿ ಹಿಂದಕ್ಕೆ ತಳ್ಳಿಸಿಕೊಂಡವಳಿಗೆ ಇರುವ ದಸ್ತಾವೇಜು ಆ ದನಿಯೊಂದೇ. ನಾವು ಓದಿ ಮುಂದೆ ಬಂದವರು ಮೊದಲು ಕಲಿಯುವುದು ಆ ದನಿಯನ್ನು ತಗ್ಗಿಸುವುದನ್ನು. ಸಂದರ್ಶನಗಳಲ್ಲಿ, ಸ್ಟಾಫ್ ರೂಮಿನಲ್ಲಿ, ವಿಚಾರ ಸಂಕಿರಣಗಳಲ್ಲಿ ನಾವು ಎಷ್ಟು ಮೆತ್ತಗೆ ಮಾತಾಡುತ್ತೇವೆಂದರೆ, ನಮ್ಮ ಅವ್ವಂದಿರಿಗೆ ಕೇಳಿಸಲಿಕ್ಕಿಲ್ಲ.

ಆ ದಿನಗಳ ಲಂಡನ್ನು ನೆನಪಿರಬೇಕು. 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ವೇದಿಕೆಯ ಮೇಲೆ ನಿಂತು ಎರಿಕ್ ಕ್ಲ್ಯಾಪ್ಟನ್ ಎಂಬ ದೊಡ್ಡ ಗಿಟಾರಿಗ ವಲಸಿಗರ ವಿರುದ್ಧ ವಿಷ ಕಾರಿದ. ಕಪ್ಪು ಜನರ ಬ್ಲೂಸ್ ಸಂಗೀತವನ್ನೇ ಉಂಡು ಬೆಳೆದವನ ಮಾತು ಅದು. ಅದಕ್ಕೆ ಉತ್ತರವಾಗಿ ಹುಟ್ಟಿದ್ದೇ ರಾಕ್ ಎಗೇನ್‌ಸ್ಟ್ ರೇಸಿಸಂ ಎಂಬ ಚಳವಳಿ. 1977ರ ಆಗಸ್ಟ್ 13ರಂದು ನ್ಯಾಶನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಲೂಯಿಶಮ್‌ನಲ್ಲಿ ಮೆರವಣಿಗೆ ಹೊರಟಾಗ ಜನ ಬೀದಿಗೆ ಬಂದು ತಡೆದರು. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿಗೆ ನಡೆದು ಬಂದ ಭಾರೀ ಜನಸಾಗರದ ಎದುರು ಕ್ಲ್ಯಾಶ್, ಸ್ಟೀಲ್ ಪಲ್ಸ್ ತಂಡಗಳ ಜೊತೆ ಎಕ್ಸ್-ರೇ ಸ್ಪೆಕ್ಸ್ ಕೂಡ ಹಾಡಿತು. ಹಲ್ಲಿಗೆ ತಂತಿ ಹಾಕಿಕೊಂಡ, ಹೇಗೆ ಬೇಕೋ ಹಾಗೆ ಬಟ್ಟೆ ತೊಟ್ಟ ಹುಡುಗಿ. ತನ್ನನ್ನು ಯಾರಾದರೂ ಸೆಕ್ಸ್ ಸಿಂಬಲ್ ಮಾಡಲು ಹೊರಟರೆ ತಲೆ ಬೋಳಿಸಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದಳು. ಆ ವರ್ಷ ಬೋಳಿಸಿಕೊಂಡೂಬಿಟ್ಟಳು. ಇದನ್ನು ಸ್ತ್ರೀವಾದದ ಬಾವುಟವೆಂದು ಹಾರಿಸುವವರಿದ್ದಾರೆ. ಅದರಲ್ಲಿ ಸಂಕಟವೂ ಇತ್ತು ಎಂಬುದನ್ನು ಸಾಕ್ಷ್ಯಚಿತ್ರ ಮುಚ್ಚಿಡುವುದಿಲ್ಲ.

1978ರ ನವೆಂಬರಿನಲ್ಲಿ ಬಂದ ‘ಜರ್ಮ್‌ಫ್ರೀ ಅಡೊಲಸೆಂಟ್ಸ್’ ಆಲ್ಬಮ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಅದರ ತುಂಬಾ ಪ್ಲಾಸ್ಟಿಕ್ಕು, ಸೋಂಕು ನಿವಾರಕ, ಸೂಪರ್ ಮಾರ್ಕೆಟ್ಟು, ನಕಲಿ ಬಣ್ಣ. ಹೆಸರಿನ ಹಾಡು ಕ್ರಿಮಿಯ ಭಯದಲ್ಲಿ ಹಲ್ಲುಜ್ಜಿ ಉಜ್ಜಿ ಬದುಕುವ ಹುಡುಗಿಯದು. ಮಡಿಯನ್ನು ಬಲ್ಲ ನಮ್ಮಂಥವರಿಗೆ ಈ ಶುಚಿಯ ಹುಚ್ಚು ಎಲ್ಲಿ ತಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನನಗೆ ಇನ್ನೂ ಮುಖ್ಯವೆನಿಸುವುದು ಬೇರೆ. ನಮ್ಮ ವಿಮರ್ಶೆ ಅನನ್ಯತೆ ಎಂದೊಡನೆ ಮಣ್ಣಿಗೆ ಹೋಗುತ್ತದೆ. ಬೇರು, ದೇಸಿ, ನೆಲದ ಸೊಗಡು. ನೆಲದ ಪಹಣಿಯಲ್ಲಿ ಹೆಸರೇ ಇಲ್ಲದವರ ಸಾಹಿತ್ಯಕ್ಕೆ ನೆಲದ ಸೊಗಡನ್ನು ಹೊರಿಸುವುದು ವಿಚಿತ್ರ ಅಲ್ಲವೆ? ಪಾಲಿಗೆ ಹಿಂತಿರುಗಲು ಮಣ್ಣು ಇರಲಿಲ್ಲ. ಸೋಮಾಲಿಯಾ ಆಕೆಯ ತಂದೆಯದು, ಇಂಗ್ಲೆಂಡು ಆಕೆಗೆ ‘ಎಲ್ಲಿಂದ ಬಂದೆಯೋ ಅಲ್ಲಿಗೆ ಹೋಗು’ ಎನ್ನುತ್ತಿದ್ದ ದೇಶ. ಹಾಗಾಗಿ ಆಕೆ ಬೇರಿಲ್ಲದ ಪ್ಲಾಸ್ಟಿಕ್ಕನ್ನೇ ಎತ್ತಿಕೊಂಡಳು. ‘ಐಡೆಂಟಿಟಿ’ ಎಂಬ ಹಾಡೇ ಇದೆ; 1978ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 24ನೇ ಸ್ಥಾನಕ್ಕೆ ಏರಿದ್ದು. ನಾವು ಅಸ್ಮಿತೆಯನ್ನು ಜಯಕಾರದ ಪದ ಮಾಡಿಕೊಂಡೆವು. ಆಕೆಗೆ ಅದು ಬಿಕ್ಕಟ್ಟಿನ ಹೆಸರು, ಒಡೆದ ಕನ್ನಡಿ. ಎರಡೂ ಬೇಕು. ಆದರೆ ಜಯಕಾರ ಜೋರಾದ ಕಡೆ ಬಿಕ್ಕಟ್ಟನ್ನು ಆಡಿ ತೋರಿಸುವ ಧೈರ್ಯ ಕಮ್ಮಿಯಾಗುತ್ತದೆ.

ಇಷ್ಟೆಲ್ಲ ಹೇಳಿದಾಗ ಆಕೆ ಸದಾ ಸಿಟ್ಟಿನವಳೆಂಬ ಭಾವನೆ ಬರಬಹುದು. ಹಂಗೇನಿಲ್ಲ. ಆಕೆ ತಮಾಷೆಯವಳು. ಸಿಟ್ಟಿನ ಹೊರತು ದಲಿತರಲ್ಲಿ ಬೇರೇನನ್ನೂ ಕಾಣಲು ಒಲ್ಲದ ಓದುಗರಿಗೆ ‘ಊರುಕೇರಿ’ಯ ನಗು ಹೇಗೆ ತಬ್ಬಿಬ್ಬು ಮಾಡಿತೋ, ಪಂಕ್‌ನ ಮುಖ ಗಂಟಿಕ್ಕಿದ ಹುಡುಗರ ನಡುವೆ ತಂತಿ ಹಲ್ಲು ಬಿಟ್ಟು ನಗುವ ಇವಳೂ ಹಾಗೆಯೇ ಮಾಡಿದಳು.

ಆಮೇಲಿನದು ಕಷ್ಟದ ಕಥೆ. 1978ರಲ್ಲಿ ಡಾಂಕಸ್ಟರ್‌ನಲ್ಲಿ ಕಾರ್ಯಕ್ರಮ ಮುಗಿಸಿದ ರಾತ್ರಿ ಆಕಾಶದಲ್ಲಿ ಗುಲಾಬಿ ಬೆಳಕೊಂದು ಕಂಡಿತೆಂದಳು. ಆಸ್ಪತ್ರೆಗೆ ಸೇರಿಸಿದರು. ಸ್ಕಿಜೋಫ್ರೇನಿಯಾ ಎಂದರು. ಅದು ತಪ್ಪು, ಬೈಪೋಲಾರ್ ಕಾಯಿಲೆ ಎಂದು ಗೊತ್ತಾದದ್ದು 1991ರಲ್ಲಿ. 1979ರಲ್ಲಿ ತಂಡ ಬಿಟ್ಟಳು. 1981ರಲ್ಲಿ ಸೆಲೆಸ್ಟ್ ಹುಟ್ಟಿದಳು. ಎಂಬತ್ತರ ದಶಕದಲ್ಲಿ ಪಾಲಿ ಹರೇ ಕೃಷ್ಣ ಪಂಥಕ್ಕೆ ಸೇರಿ, ವಾಟ್‌ಫರ್ಡ್ ಸಮೀಪದ ಭಕ್ತಿವೇದಾಂತ ಮ್ಯಾನರ್‌ನಲ್ಲಿ ಮಗಳೊಡನೆ ವಾಸ ಮಾಡಿದಳು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1973ರಲ್ಲಿ ಪಂಥಕ್ಕೆ ಕೊಟ್ಟ ದೊಡ್ಡ ಬಂಗಲೆ ಅದು. ಲೋರಾ ಲಾಜಿಕ್ ಕೂಡ ಅದೇ ದಾರಿ ಹಿಡಿದಳು.

ಇಲ್ಲಿ ದಲಿತ ಓದುಗರ ಹುಬ್ಬು ಮೇಲೇರುತ್ತದೆ. ಏರಲೇಬೇಕು. ದಾಸ್ಯದ ಮುಖಕ್ಕೆ ಕಿರುಚಿದವಳು ಕೊನೆಗೆ ಕೃಷ್ಣನ ದಾಸಿಯಾದಳೆ? ಆ ಪಂಥದ ಸ್ಥಾಪಕ ಪ್ರಭುಪಾದರು ವರ್ಣಾಶ್ರಮವನ್ನು ಹುಟ್ಟಿನಿಂದಲ್ಲ ಗುಣದಿಂದ ಎಂದು ಸಮರ್ಥಿಸಿದವರು. ಗುಣದ ಹೆಸರಲ್ಲಿ ಬರುವ ಈ ವರ್ಣದ ಜಾಣತನವನ್ನು ಅಂಬೇಡ್ಕರ್ ‘ಜಾತಿ ವಿನಾಶ’ದಲ್ಲೇ ಬಯಲು ಮಾಡಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರೊಂದಿಗೆ ಬಿಟ್ಟು ಬಂದ ಮನೆಯ ಬಾಗಿಲನ್ನೇ ಈಕೆ ದೂರ ದೇಶದಲ್ಲಿ ತಟ್ಟಿದಂತಾಯಿತು. ಆದರೆ ನಾಗಪುರದ ಅಳತೆಗೋಲನ್ನು ನೇರ ಆಕೆಯ ಮೇಲಿಟ್ಟು ತೀರ್ಪು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾಗಪುರದಲ್ಲಿ ಜೊತೆಗೆ ಒಂದು ಸಮುದಾಯವಿತ್ತು. ಈಕೆಗೆ ಇದ್ದದ್ದು ತಪ್ಪು ಹೆಸರಿನ ಕಾಯಿಲೆ, ತನ್ನನ್ನು ತಿಂದು ಉಗಿದ ಸಂಗೀತದ ಮಾರುಕಟ್ಟೆ, ಕಂಕುಳಲ್ಲಿ ಮಗು. ಬಿಳಿಯರ ದೇಶದಲ್ಲಿ ಕಂದು ಮೈಯ ದೇವರೊಬ್ಬ ಆಕೆಗೆ ನೆರಳಾಗಿ ಕಂಡಿರಬಹುದು. ಆ ನೆರಳಿನ ಮರ ನಮ್ಮ ಊರಲ್ಲಿ ಯಾರ ಹಿತ್ತಲಲ್ಲಿದೆ ಎಂಬುದು ಆಕೆಗೆ ಕಾಣಲಿಲ್ಲ. ನನ್ನ ತಕರಾರು ಸಾಕ್ಷ್ಯಚಿತ್ರದ ಮೇಲೆ. ಮಗಳು ತಾಯಿಯನ್ನು ಅರಸುತ್ತಾ ಭಾರತಕ್ಕೂ ಬರುತ್ತಾಳೆ. ಕ್ಯಾಮೆರಾಕ್ಕೆ ಭಕ್ತಿ ಕಾಣುತ್ತದೆ, ಬಣ್ಣ ಕಾಣುತ್ತದೆ, ಜಾತಿ ಕಾಣುವುದಿಲ್ಲ. ಲಂಡನ್ನಿನಲ್ಲಿ ಚರ್ಮದ ಬಣ್ಣವನ್ನು ಅಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣು ಇಲ್ಲಿಗೆ ಬಂದೊಡನೆ ಪ್ರವಾಸಿಯ ಕಣ್ಣಾಗುತ್ತದೆ.

ಆದರೂ ಈ ಚಿತ್ರವನ್ನು ನಮ್ಮ ಕಾರ್ಯಕರ್ತರು ನೋಡಬೇಕು. ಅದರ ಕಟ್ಟಣೆಯೇ ಒಂದು ಪಾಠ. ನೆನಪು ಹೇಳುವ ಗಣ್ಯರು, ಸಂಗೀತಗಾರರು ಹಲವರಿದ್ದಾರೆ. ಅವರ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಸಾಕ್ಷ್ಯಚಿತ್ರಗಳಲ್ಲಿ ದೊಡ್ಡ ಮನುಷ್ಯರು ಕುರ್ಚಿಯಲ್ಲಿ ಕೂತು ಸತ್ತವರಿಗೆ ಸರ್ಟಿಫಿಕೇಟು ಕೊಡುವ ದೃಶ್ಯ ಇಲ್ಲಿಲ್ಲ. ಪರದೆಯ ಮೇಲಿರುವುದು ತಾಯಿಯ ಹಳೆಯ ದೃಶ್ಯಗಳು, ತಾಯಿಯ ಚಿತ್ರ-ಬರಹಗಳು, ಮತ್ತು ಇಂದಿನ ಮಗಳು. ತಾಯಿಯ ದಿನಚರಿಯನ್ನು ಓದುವ ದನಿ ನಟಿ ರೂತ್ ನೆಗಾ ಅವರದು. ಆಕೆಯೂ ಆಫ್ರಿಕಾದ ತಂದೆ, ಐರಿಷ್ ತಾಯಿಯ ಮಗಳು. ಬಿ.ಬಿ.ಸಿ. 1979ರಲ್ಲೇ ಪಾಲಿಯ ಮೇಲೊಂದು ಚಿತ್ರ ಮಾಡಿತ್ತು. ಅದು ಹೊರಗಿನವರ ಕುತೂಹಲ. ಇದು ಮನೆಯೊಳಗಿನ ಲೆಕ್ಕ.

ಲೆಕ್ಕ ಎಂಬ ಪದವನ್ನು ಬೇಕೆಂದೇ ಬಳಸಿದೆ. ನಿಮ್ಮಮ್ಮ ಒಳ್ಳೇ ತಾಯಿಯಾಗಿದ್ದಳೆ ಎಂದು ಜನ ಕೇಳುತ್ತಾರಂತೆ. ಆ ಪ್ರಶ್ನೆಯಿಂದಲೇ ಮಗಳು ಶುರುಮಾಡುತ್ತಾಳೆ. ತಾಯಿಗೆ ಕಾಯಿಲೆ ಏರಿದ ದಿನಗಳಲ್ಲಿ ತಾನು ಹೇಗಿದ್ದೆ, ಮ್ಯಾನರಿನ ಬದುಕು ಮಗುವಿಗೆ ಹೇಗಿತ್ತು, ಕೊನೆಗೆ ತಾನು ಅಜ್ಜಿಯ ಮನೆ ಸೇರಿದ್ದು ಯಾಕೆ ಎಂಬುದನ್ನೆಲ್ಲ ಹೇಳುತ್ತಾಳೆ. ತಾಯಿ ಬಿಟ್ಟುಹೋದ ಪೆಟ್ಟಿಗೆಗಳನ್ನು ತೆರೆಯಲು ಆಕೆಗೆ ವರ್ಷಗಳೇ ಬೇಕಾದವು. ನಮ್ಮ ಆತ್ಮಕಥನಗಳಲ್ಲಿ ಅವ್ವ ಹೆಚ್ಚಾಗಿ ಮಕ್ಕಳಿಗೆ ಉಣಿಸಿ ತಾನು ಉಪವಾಸ ಮಲಗುವವಳು. ಬರೆದವರಲ್ಲಿ ಬಹುಪಾಲು ಗಂಡುಮಕ್ಕಳು. ಅವ್ವನನ್ನು ಅವರು ಗುಡಿ ಕಟ್ಟಿ ಕೂರಿಸಿದರು. ಗುಡಿಯೊಳಗೆ ಕೂತವಳಿಗೆ ಸಿಟ್ಟು ಬರುವಂತಿಲ್ಲ, ತಲೆ ಕೆಡುವಂತಿಲ್ಲ, ಮಗುವನ್ನು ಮರೆತು ಹಾಡಲು ಹೋಗುವಂತಿಲ್ಲ. ಸೆಲೆಸ್ಟ್ ತನ್ನ ತಾಯಿಯನ್ನು ಗುಡಿಯಲ್ಲಿ ಕೂರಿಸುವುದಿಲ್ಲ, ಬೀದಿಗೂ ಎಳೆಯುವುದಿಲ್ಲ. ಚಿತ್ರದ ಕೊನೆಯ ಭಾಗ ಸ್ವಲ್ಪ ಬೇಗನೆ ಸಮಾಧಾನಕ್ಕೆ ಬಂದುಬಿಡುತ್ತದೆ ಎಂಬ ಅನುಮಾನ ನನಗಿದೆ. ಇರಲಿ. ಸಾವಿನ ಮುಂಚೆ, 2011ರ ಮಾರ್ಚಿನಲ್ಲಿ ‘ಜನರೇಶನ್ ಇಂಡಿಗೊ’ ಎಂಬ ಆಲ್ಬಮ್ಮನ್ನು ಹೊರತಂದ ತಾಯಿಯೊಂದಿಗೆ ಮಗಳು ರಾಜಿಯಾದದ್ದನ್ನು ಪ್ರಶ್ನಿಸಲು ನಾನ್ಯಾರು.

ಇಂಥ ಚಿತ್ರಗಳು ಆಕಾಶದಿಂದ ಉದುರುವುದಿಲ್ಲ. 2003ರಲ್ಲಿ ಅಮೆರಿಕದ ಜೇಮ್ಸ್ ಸ್ಪೂನರ್ ‘ಆಫ್ರೋ-ಪಂಕ್’ ಎಂಬ ಸಾಕ್ಷ್ಯಚಿತ್ರ ಮಾಡಿ, ಬಿಳಿಯರ ಗುಂಪಿನಲ್ಲಿ ಒಂಟಿ ಕಪ್ಪು ಮುಖವಾಗಿ ನಿಂತ ಪಂಕ್‌ಗಳ ಕಥೆ ಹೇಳಿದ. ಅದರಲ್ಲಿ ಬರುವ ಮೋ ಮಿಚೆಲ್ ಸೈಫರ್ ಎಂಬ ತಂಡದ ಗಾಯಕ, ಮುಂದೆ ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿಯ ರಾಷ್ಟ್ರೀಯ ನಿರ್ದೇಶಕನಾದ. ಗಂಟಲು ವೇದಿಕೆಯಿಂದ ಸಂಘಟನೆಗೆ ಹೋದದ್ದಕ್ಕೆ ಅದೊಂದು ಉದಾಹರಣೆ. ಆ ಚಿತ್ರದ ಹೆಸರಲ್ಲೇ ಬೆಳೆದ ಸಂಗೀತೋತ್ಸವ ಪ್ರಾಯೋಜಕರ ಜಾತ್ರೆಯಾಗತೊಡಗಿದಾಗ ಸ್ಪೂನರ್ ಹೊರನಡೆದ. ಅದು ಇನ್ನೊಂದು ಲೇಖನದ ಮಾತು.

ನಮ್ಮಲ್ಲಿ ಎಪ್ಪತ್ತು, ಎಂಬತ್ತರ ದಶಕದ ಜಾಥಾಗಳಲ್ಲಿ ಹಾಡಿದ ಗಂಡಸರ ಹೆಸರು ಪುಸ್ತಕಗಳಲ್ಲಿವೆ. ಪಕ್ಕದಲ್ಲಿ ನಿಂತು ದನಿಗೂಡಿಸಿದ ಹೆಂಗಸರು ಗುಂಪು ಫೋಟೋಗಳ ಅಂಚಿನಲ್ಲಿ ಅರ್ಧ ಮುಖವಾಗಿ ಸಿಗುತ್ತಾರೆ. ಬದುಕಿರುವವರಿಗೆ ಈಗ ಅರವತ್ತು, ಎಪ್ಪತ್ತು ದಾಟಿದೆ. ಅವರ ಪೆಟ್ಟಿಗೆಗಳಲ್ಲಿ ದಿನಚರಿ ಇರಲಿಕ್ಕಿಲ್ಲ, ಕ್ಯಾಸೆಟ್ಟೂ ಇರಲಿಕ್ಕಿಲ್ಲ. ಅವರ ಹೆಣ್ಣುಮಕ್ಕಳ ಕೈಯಲ್ಲಿ ಈಗ ಮೊಬೈಲ್ ಕ್ಯಾಮೆರಾ ಇದೆ. ಅದನ್ನು ಎದುರಿಟ್ಟು ಕೂತಾಗ ಅವರು ಹಾಡಿನ ಸಾಲು ನೆನಪಿದೆಯೆ ಎಂದು ಶುರುಮಾಡದೆ, ‘ನೀನು ಹಾಡಕ್ಕೆ ಅಂತ ಊರೂರು ತಿರುಗ್ತಿದ್ದಾಗ ನನ್ನ ಯಾರ ತಾವ ಬಿಟ್ಟೋಗ್ತಿದ್ದೆ ಅವ್ವ’ ಎಂದು ಮೊದಲು ಕೇಳಿಯಾರು ಎಂದು ನಾನು ಕಾಯುತ್ತಿದ್ದೇನೆ.